ಮುದ್ರೆಯೊತ್ತಿದವರ ಬಾಕಿ

ನಮ್ಮ ಊರುಗಳಲ್ಲಿ ನೋಟರಿ ಎಂದೊಡನೆ ನ್ಯಾಯಾಲಯದ ಆವರಣದಲ್ಲಿಯೋ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನಲ್ಲಿಯೋ ಪುಟ್ಟ ಮೇಜೊಂದನ್ನು ಹಾಕಿಕೊಂಡು ಕುಳಿತ ವಕೀಲರೊಬ್ಬರು ಕಣ್ಣಿಗೆ ಕಟ್ಟುತ್ತಾರೆ. ಕಕ್ಷಿದಾರನು ತಾನಾಗಿ ಅವರ ಬಳಿಗೆ ಹೋಗುತ್ತಾನೆ, ಶುಲ್ಕವನ್ನು ಕೈಯಲ್ಲಿಡುತ್ತಾನೆ, ಮುದ್ರೆ ಬೀಳುತ್ತದೆ. ಬಾಕಿಯೆಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ವ್ಯವಹಾರದ ಕ್ರಮವೇ ಬೇರೆ. ಅಲ್ಲಿ ನೋಟರಿಯಾದವನು ಬಹುಮಟ್ಟಿಗೆ ವಕೀಲನಲ್ಲ, ತನ್ನ ರಾಜ್ಯಸರ್ಕಾರದಿಂದ ಅಧಿಕಾರಪತ್ರ ಪಡೆದ ಸಾಮಾನ್ಯ ಪ್ರಜೆ. ಅವರಲ್ಲಿಯೂ ಸಂಚಾರಿ ನೋಟರಿಗಳೆಂಬ ಒಂದು ವರ್ಗದವರು ಮುದ್ರೆಯನ್ನೂ ದಿನವಹಿಯನ್ನೂ ಕಾಗದಪತ್ರಗಳ ದಪ್ಪ ಕಟ್ಟನ್ನೂ ಕಾರಿನಲ್ಲಿಟ್ಟುಕೊಂಡು, ಗೃಹಸಾಲ ಪಡೆಯುವವರ ಮನೆಗೋ ಆಸ್ಪತ್ರೆಯಲ್ಲಿ ಮಲಗಿದ ವೃದ್ಧರ ಹಾಸಿಗೆಯ ಬಳಿಗೋ ತಾವೇ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಾರೆ. ಫ್ರೀಮಾಂಟಿನಲ್ಲಿಯೋ ಎಡಿಸನ್ನಿನಲ್ಲಿಯೋ ನೆಲೆಸಿದ ಕನ್ನಡಿಗರು, ಬೆಂಗಳೂರಿನ ನಿವೇಶನವನ್ನು ಮಾರುವ ಅಧಿಕಾರವನ್ನು ತಮ್ಮನಿಗೆ ಬರೆದುಕೊಡುವಾಗಲಾಗಲಿ, ಹಳೆಯ ಗೃಹಸಾಲವನ್ನು ಕಡಿಮೆ ಬಡ್ಡಿಯ ಹೊಸ ಸಾಲಕ್ಕೆ ಬದಲಿಸಿಕೊಳ್ಳುವಾಗಲಾಗಲಿ, ಊಟದ ಮೇಜಿನ ಎದುರಿಗೆ ಇಂಥವರೊಬ್ಬರನ್ನು ಕೂರಿಸಿಕೊಂಡಿರುವುದು ಅಪರೂಪವಲ್ಲ. ಒಂದು ತಾಸು ಕುಳಿತು ಹೋದ ಆ ವ್ಯಕ್ತಿಗೆ ಹಣ ಸಂದಿತೋ ಇಲ್ಲವೋ ಎಂಬುದನ್ನು ಮಾತ್ರ ಮನೆಯವರು ವಿಚಾರಿಸುವುದಿಲ್ಲ. ವಿಚಾರಿಸಬೇಕೆಂದು ಅವರಿಗೆ ಹೊಳೆಯುವುದೂ ಇಲ್ಲ.

ಸಾಲದ ಕಾಗದಪತ್ರಗಳ ವಿಷಯದಲ್ಲಿ ಆ ನೋಟರಿಯನ್ನು ಕಳುಹಿಸಿದವರು ಮನೆಯವರಲ್ಲವಷ್ಟೆ. ಸಾಲ ಕೊಡುವ ಬ್ಯಾಂಕು ಪತ್ರಗಳ ಮತ್ತು ಹಣದ ನಿರ್ವಹಣೆಯನ್ನು, ಆಸ್ತಿಯ ಹಕ್ಕನ್ನು ಪರಿಶೀಲಿಸುವ ಟೈಟಲ್ ಕಂಪನಿಯೆಂಬ ಸಂಸ್ಥೆಗೆ ಒಪ್ಪಿಸುತ್ತದೆ. ಟೈಟಲ್ ಕಂಪನಿಯು ಸಹಿ ಮಾಡಿಸುವ ಕೆಲಸವನ್ನು ಅನೇಕ ವೇಳೆ ಸೈನಿಂಗ್ ಕಂಪನಿಯೆಂಬ ಮಧ್ಯವರ್ತಿಗೆ ವಹಿಸುತ್ತದೆ. ಆ ಮಧ್ಯವರ್ತಿಯು ಊರೂರಿನ ನೋಟರಿಗಳಿಗೆ ಫೋನಿನಲ್ಲಿ ಸಂದೇಶ ಕಳುಹಿಸಿ, ಯಾರು ಕಡಿಮೆಗೆ ಒಪ್ಪುವರೋ ಅವರನ್ನು ಗೊತ್ತುಮಾಡುತ್ತದೆ. ಮುದ್ರೆಯೊತ್ತುವುದಕ್ಕೆ ಕಾನೂನು ವಿಧಿಸಿದ ಶುಲ್ಕವು ಅಲ್ಪವಾದದ್ದು. ಕ್ಯಾಲಿಫೋರ್ನಿಯದಲ್ಲಿ ಒಂದು ಸಹಿಗೆ ಗರಿಷ್ಠ 15 ಡಾಲರ್. ನ್ಯೂಯಾರ್ಕಿನಲ್ಲಿ, ಎದುರಿಗೆ ಕುಳಿತು ಮಾಡಿಸುವ ಸಹಿಗೆ, 2 ಡಾಲರ್. ಆದಕಾರಣ ಸಂಚಾರಿ ನೋಟರಿಯ ಜೀವನವು ನಿಂತಿರುವುದು, ಹೋಗಿಬರುವ ಶ್ರಮವನ್ನೂ ನೂರಕ್ಕೂ ಮೀರಿದ ಪುಟಗಳನ್ನು ಎರಡು ಪ್ರತಿ ಮುದ್ರಿಸುವ ವೆಚ್ಚವನ್ನೂ ಪೆಟ್ರೋಲನ್ನೂ ಸೇರಿಸಿ ಮಧ್ಯವರ್ತಿಯು ಕೊಡುವೆನೆಂದು ಒಪ್ಪಿದ ಒಟ್ಟು ಮೊತ್ತದ ಮೇಲೆ. ಖರ್ಚೆಲ್ಲ ಆ ರಾತ್ರಿಯೇ ಆಗಿಹೋಗುತ್ತದೆ. ಹಣವು ಮೂವತ್ತು ದಿನಕ್ಕೋ ಅರುವತ್ತು ದಿನಕ್ಕೋ ಬಂದರೆ ಬಂದಿತು.

ಬಾರದೆಹೋಗುವುದಕ್ಕೆ ಯಾವಾಗಲೂ ದುರುದ್ದೇಶವೇ ಕಾರಣವೆಂದು ಹೇಳಲಾಗದು. ಅಮೆರಿಕದ ಮೂವತ್ತು ವರ್ಷದ ಗೃಹಸಾಲದ ಸರಾಸರಿ ಬಡ್ಡಿದರವು 2021ರ ಜನವರಿಯಲ್ಲಿ ಶೇಕಡ 2.65ಕ್ಕೆ ಇಳಿದಿದ್ದಾಗ, ಸಾಲ ಬದಲಿಸಿಕೊಳ್ಳುವವರ ನೂಕುನುಗ್ಗಲಿನಲ್ಲಿ ಹೊಸ ಮಧ್ಯವರ್ತಿಗಳೂ ಹೊಸ ನೋಟರಿಗಳೂ ಅಣಬೆಗಳಂತೆ ಎದ್ದರು. ಅದೇ ದರವು 2023ರ ಅಕ್ಟೋಬರಿನಲ್ಲಿ ಶೇಕಡ 7.79ನ್ನು ಮುಟ್ಟಿದಾಗ ಆ ಕೆಲಸವು ಬತ್ತಿಹೋಯಿತು. ಇಂದು ಬಂದ ಹಣದಿಂದ ಎರಡು ತಿಂಗಳ ಹಿಂದಿನ ಬಾಕಿಯನ್ನು ತೀರಿಸುತ್ತ ಬಂದ ಸಂಸ್ಥೆಗೆ, ಇಂದಿನ ಹಣವೇ ಬಾರದಿದ್ದರೆ, ಹಳೆಯ ಬಾಕಿಯು ಬಾಕಿಯಾಗಿಯೇ ಉಳಿಯತಕ್ಕದ್ದು. ಆದರೆ ಇದನ್ನು ಒಪ್ಪಿಕೊಂಡ ಮೇಲೆಯೂ ಒಂದು ಅಂಶವು ಮನಸ್ಸನ್ನು ಚುಚ್ಚದೆ ಬಿಡದು. ಸಾಲದ ವ್ಯವಹಾರವು ಮುಗಿಯುವಾಗ ಸಾಲಗಾರನ ಕೈಗೆ ಕೊಡುವ ಖರ್ಚುವೆಚ್ಚದ ಪಟ್ಟಿಯಲ್ಲಿ ನೋಟರಿಯ ಅಥವಾ ಸಹಿ ಮಾಡಿಸಿದ ಶುಲ್ಕವೆಂದು ಒಂದು ಮೊತ್ತವನ್ನು ಅನೇಕ ವೇಳೆ ಬರೆದಿರುತ್ತಾರೆ, ಸಾಲಗಾರನು ಅದನ್ನು ತೆತ್ತೂ ಇರುತ್ತಾನೆ. ಅಂದಮೇಲೆ ಹಣವು ಹುಟ್ಟಲಿಲ್ಲವೆಂದಲ್ಲ. ಹುಟ್ಟಿದ ಹಣವು ನಡುದಾರಿಯಲ್ಲಿ ಬೇರೊಬ್ಬರ ಜೇಬಿನಲ್ಲಿ ತಂಗಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ನಮ್ಮ ಗಾದೆಯು ಇಲ್ಲಿ ಪೂರ್ತಿ ಸಾಲದು, ಏಕೆಂದರೆ ಕೊಟ್ಟವನೊಬ್ಬ, ಕೋಡಂಗಿಯಾದವನು ಮತ್ತೊಬ್ಬ.

ಇಂಥ ಸ್ಥಿತಿಯಲ್ಲಿ ನೋಟರಿಯು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯಗಳು ಇಲ್ಲವೆಂದಲ್ಲ. ಅವುಗಳಲ್ಲಿ ಅತ್ಯುತ್ತಮವಾದದ್ದು ನ್ಯಾಯಾಲಯದ್ದಲ್ಲ, ಲೆಕ್ಕದ್ದು: ಹೊಸದಾಗಿ ಕರೆದ ಸಂಸ್ಥೆಯಿಂದ ಮೊದಲ ಕೆಲಸದ ಹಣವು ಕೈಸೇರುವ ತನಕ ಎರಡನೆಯದನ್ನೋ ಮೂರನೆಯದನ್ನೋ ಮೀರಿ ಒಪ್ಪಿಕೊಳ್ಳದಿರುವುದು. ಮೋಸಹೋದವರಲ್ಲಿ ಬಹುಮಂದಿ ಮೋಸಹೋದದ್ದು ಒಂದು ರಾತ್ರಿಯ ಕೆಲಸದಿಂದಲ್ಲ. ಹಳೆಯ ಬಾಕಿ ಬಂದೇ ಬರುವುದೆಂಬ ನಂಬಿಕೆಯಿಂದ ಮತ್ತೆ ಮತ್ತೆ ಹೋಗಿ ಅದನ್ನು ಬೆಳೆಯಿಸಿದ್ದರಿಂದ. ಮೊತ್ತವೆಷ್ಟು, ಯಾವ ದಿನದೊಳಗೆ, ಸಾಲಗಾರನು ಕೊನೆಗಳಿಗೆಯಲ್ಲಿ ಸಹಿ ಹಾಕಲೊಲ್ಲೆನೆಂದರೆ ಹೋದದ್ದಕ್ಕೇನು ಎಂಬುದನ್ನು ಹೊರಡುವ ಮುನ್ನವೇ ಬರವಣಿಗೆಯಲ್ಲಿ ಪಡೆಯತಕ್ಕದ್ದು. ಅವಧಿ ಮೀರಿದ ಮರುದಿನವೇ ಮಧ್ಯವರ್ತಿಗೆ ಬರೆದು, ಅದರ ಪ್ರತಿಯನ್ನು ಟೈಟಲ್ ಕಂಪನಿಗೂ ಕಳುಹಿಸಿದರೆ, ಎಷ್ಟೋ ಸಲ ಬೇರಾವ ಮಾತೂ ಬೇಕಾಗುವುದಿಲ್ಲ. ಕರಾರಿಗಿಂತ ಹೆಚ್ಚಿನ ಮೊತ್ತದ ಚೆಕ್ಕನ್ನು ಮುಂಗಡವಾಗಿ ಕಳುಹಿಸಿ, ಹೆಚ್ಚಾದದ್ದನ್ನು ಹಿಂದಿರುಗಿಸೆಂದು ಅವಸರಪಡಿಸುವವನು ಗಿರಾಕಿಯೇ ಅಲ್ಲ. ಆ ಚೆಕ್ಕು ಕೆಲವು ದಿನಗಳ ಮೇಲೆ ಹುಸಿಯೆಂದು ತಿಳಿಯುವ ವೇಳೆಗೆ ಹಿಂದಿರುಗಿಸಿದ ಹಣವು ಕೈಬಿಟ್ಟುಹೋಗಿರುತ್ತದೆ.

ನ್ಯಾಯಾಲಯದ ಬಾಗಿಲೂ ತೆರೆದಿದೆ. ಸ್ಮಾಲ್ ಕ್ಲೇಮ್ಸ್ ಕೋರ್ಟುಗಳಲ್ಲಿ ವಕೀಲರಿಲ್ಲದೆಯೇ ಸಣ್ಣ ಬಾಕಿಗಳನ್ನು ಕೇಳಬಹುದು. ಕ್ಯಾಲಿಫೋರ್ನಿಯದಲ್ಲಿ ವ್ಯಕ್ತಿಯೊಬ್ಬನು 12,500 ಡಾಲರಿನವರೆಗೆ ಹೂಡಬಹುದು. ಆದರೆ ನೂರಿಪ್ಪತ್ತು ಡಾಲರಿಗಾಗಿ ಪರರಾಜ್ಯದಲ್ಲಿ ನೋಂದಾಯಿತವಾದ ಸಂಸ್ಥೆಯ ಬೆನ್ನುಹತ್ತಿ ಒಂದು ದಿನದ ದುಡಿಮೆಯನ್ನು ಕಳೆದುಕೊಳ್ಳುವವರು ಯಾರು? ತಪ್ಪಿತಸ್ಥನ ಧೈರ್ಯಕ್ಕೆ ಈ ಪ್ರಶ್ನೆಯೇ ಆಧಾರ. ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಆಗಸ್ಟಿನಿಂದ ಜಾರಿಗೆ ಬಂದ, ಸ್ವತಂತ್ರ ಕೆಲಸಗಾರರ ಸಂಭಾವನೆಯನ್ನು ಕುರಿತ ಕಾನೂನು ಇದನ್ನು ಅರಿತಂತೆ ತೋರುತ್ತದೆ: ಒಬ್ಬನೇ ಗಿರಾಕಿಗೆ 120 ದಿನಗಳಲ್ಲಿ ಮಾಡಿದ ಕೆಲಸಗಳೆಲ್ಲ ಸೇರಿ 800 ಡಾಲರನ್ನು ಮುಟ್ಟಿದರೂ ಸಾಕು, ಲಿಖಿತ ಕರಾರು ಕಡ್ಡಾಯ, ದಿನವನ್ನು ಗೊತ್ತುಮಾಡಿಲ್ಲದಿದ್ದರೆ ಮೂವತ್ತು ದಿನದೊಳಗೆ ಹಣ. ಬಿಡಿಬಿಡಿಯಾಗಿ ಅಲ್ಪವಾದದ್ದನ್ನು ಕೂಡಿಸಿ ನೋಡುವ ಈ ವಿವೇಕವು ಮೆಚ್ಚತಕ್ಕದ್ದು. ನಮ್ಮ ದೇಶದ 2006ರ ಸಣ್ಣ ಉದ್ಯಮಗಳ ಅಧಿನಿಯಮವೂ 45 ದಿನಗಳ ಗಡಿಯನ್ನು ಮೀರಿದ ಬಾಕಿಗೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿಯನ್ನು ವಿಧಿಸಿದೆ. ಆದರೂ ಗಿರಾಕಿಯನ್ನು ಕಳೆದುಕೊಳ್ಳುವ ಅಂಜಿಕೆಯಿಂದ ಅದನ್ನು ಕೇಳುವವರು ವಿರಳ.

ಈ ಅಂಜಿಕೆಯು ನೋಟರಿಯ ಪಾಲಿಗೆ ಬರಿಯ ಸ್ವಂತ ನಷ್ಟವಾಗಿ ಉಳಿಯುವುದಿಲ್ಲವೆಂಬುದು ನನ್ನ ಮುಖ್ಯವಾದ ಆಕ್ಷೇಪಣೆ. ಬಣ್ಣ ಬಳಿದವನಿಗೆ ಬಾಕಿಯಿದ್ದರೆ ಗೋಡೆಯು ಸುಳ್ಳಾಗದು. ನೋಟರಿಯಾದರೋ ರಾಜ್ಯದ ಪರವಾಗಿ ನಿಂತ ನಿಷ್ಪಕ್ಷಪಾತಿಯಾದ ಸಾಕ್ಷಿ. ಗುರುತಿನ ಚೀಟಿ ಸಂದೇಹಾಸ್ಪದವಾಗಿದ್ದರೆ, ಸಹಿ ಹಾಕುವ ವೃದ್ಧೆಗೆ ತಾನೇನು ಬರೆದುಕೊಡುತ್ತಿರುವೆನೆಂಬ ಅರಿವಿಲ್ಲದಿದ್ದರೆ, ಆಗದೆಂದು ಹೇಳಿ ಎದ್ದುಬರುವುದೇ ಅವನ ಧರ್ಮ. ಅದೇ ಸಂಸ್ಥೆಯಿಂದ ಎಂಟು ಕೆಲಸಗಳ ಹಣ ಬರಬೇಕಾಗಿರುವಾಗ ಅಷ್ಟು ಸುಲಭವಾಗಿ ಆ ಮಾತು ಬಾಯಿಂದ ಹೊರಡುವುದೇ? ಅಪ್ರಾಮಾಣಿಕವಾದ ಸಂಸ್ಥೆಯು ಕೇಳುವುದು ಕೆಲವೊಮ್ಮೆ ಇನ್ನೂ ಸಣ್ಣದಾಗಿ ಕಾಣುತ್ತದೆ: ನಿನ್ನೆಯ ತಾರೀಖನ್ನು ಹಾಕಿಬಿಡಿ ಎಂದು. ತಾನು ವಾಸಿಸುವ ಮನೆಯ ಸಾಲವನ್ನು ಹೊಸ ಬ್ಯಾಂಕಿಗೆ ಬದಲಿಸಿಕೊಳ್ಳುವವನಿಗೆ, ಸಹಿ ಹಾಕಿದ ಮೇಲೆ ಮೂರು ಕೆಲಸದ ದಿನಗಳೊಳಗೆ ಅದನ್ನು ರದ್ದುಗೊಳಿಸುವ ಹಕ್ಕನ್ನು ಅಲ್ಲಿಯ ಕಾನೂನು ಕೊಟ್ಟಿದೆಯಾದ್ದರಿಂದ, ಹಿಂದಿನ ತಾರೀಖೆಂದರೆ ಆ ಹಕ್ಕಿನ ಒಂದು ದಿನವನ್ನು ಕದ್ದಂತೆ. 2010ರಲ್ಲಿ ಬಯಲಾದ ಮನೆಜಪ್ತಿಯ ಪ್ರಮಾಣಪತ್ರಗಳ ಹಗರಣವನ್ನು ಇಲ್ಲಿ ನೆನೆಯಬೇಕು: ಓದದೆ ಸಹಿ ಹಾಕಿದವರ ಪತ್ರಗಳಿಗೆ, ಅವರು ಎದುರಿಗೆ ಇಲ್ಲದಿದ್ದರೂ ಸಂಬಳಕ್ಕಿದ್ದ ನೋಟರಿಗಳು ಮುದ್ರೆಯೊತ್ತುತ್ತ ಹೋದರು, 2012ರಲ್ಲಿ ಐದು ದೊಡ್ಡ ಗೃಹಸಾಲ ಸಂಸ್ಥೆಗಳು 49 ರಾಜ್ಯಗಳೊಡನೆಯೂ ಕೇಂದ್ರ ಸರ್ಕಾರದೊಡನೆಯೂ ಸುಮಾರು 25 ಬಿಲಿಯನ್ ಡಾಲರಿನ ಒಪ್ಪಂದಕ್ಕೆ ಬರಬೇಕಾಯಿತು. ಅಲ್ಲಿ ಸಂಬಳವು ಮಾಡಿಸಿದ್ದನ್ನು ಇಲ್ಲಿ ಬಾಕಿಯು ಮಾಡಿಸಲಾರದೆಂದು ಹೇಳುವುದಕ್ಕೆ ನನಗೆ ಧೈರ್ಯವಿಲ್ಲ.

ಹಾಗೆಂದು ನೊಂದ ನೋಟರಿಯು ಸಹಿಯಾದ ಪತ್ರಗಳನ್ನು ತಡೆದಿಟ್ಟುಕೊಳ್ಳುವುದಾಗಲಿ, ಸಾಲಗಾರನ ಮನೆಗೆ ಹೋಗಿ ಪೀಡಿಸುವುದಾಗಲಿ, ಮುದ್ರೆಯನ್ನು ಅಸಿಂಧುಗೊಳಿಸುವೆನೆಂದು ಹೆದರಿಸುವುದಾಗಲಿ ಕೂಡದು. ಮನೆಯವರು ತೆರಬೇಕಾದದ್ದನ್ನು ತೆತ್ತಾಗಿದೆ, ಒಮ್ಮೆ ಒತ್ತಿದ ಮುದ್ರೆಯನ್ನು ಹಿಂದೆಗೆದುಕೊಳ್ಳುವುದು ಅವನ ಕೈಯಲ್ಲೂ ಇಲ್ಲ. ಹೊಣೆಯನ್ನು ಹೊರಬೇಕಾದವರು, ಸಾಲಗಾರನಿಂದ ಹಣವನ್ನು ಸಂಗ್ರಹಿಸಿ ತಮ್ಮ ಖಾತೆಯಲ್ಲಿಟ್ಟುಕೊಂಡು ಹಂಚುವ ಟೈಟಲ್ ಕಂಪನಿಯವರು. ಮಧ್ಯವರ್ತಿಗೆ ಒಮ್ಮೆ ಕೊಟ್ಟಾಗಿದೆ, ಎರಡು ಸಲ ಕೊಡಬೇಕೇ ಎಂದು ಅವರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ, ಆದರೆ ಮಧ್ಯವರ್ತಿಯನ್ನು ಆರಿಸಿದವರು ಅವರೇ ಹೊರತು ನೋಟರಿಯೂ ಅಲ್ಲ, ಸಾಲಗಾರನೂ ಅಲ್ಲ, ಮತ್ತು ನೋಟರಿಯ ಪಾಲನ್ನು ನೇರವಾಗಿ ನೋಟರಿಗೇ ಕಳುಹಿಸಿ ಮಧ್ಯವರ್ತಿಗೆ ಅವನ ದಲ್ಲಾಳಿ ಹಣವನ್ನಷ್ಟೇ ಕೊಟ್ಟರೆ ಎರಡು ಸಲ ಕೊಡುವ ಪ್ರಸಂಗವೇ ಬಾರದು. ಅಷ್ಟನ್ನು ಕೂಡಲೇ ಮಾಡಲಾರೆವೆನ್ನುವುದಾದರೆ, ಸಾಲಗಾರನ ಕೈಗೆ ಕೊಡುವ ಪಟ್ಟಿಯಲ್ಲಿ ಒಟ್ಟು ಮೊತ್ತಕ್ಕೆ ಬದಲಾಗಿ ಮಧ್ಯವರ್ತಿಗೆ ಎಷ್ಟು, ನೋಟರಿಗೆ ಎಷ್ಟು ಎಂದು ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಬರೆಯಲಿ. ಫ್ರೀಮಾಂಟಿನ ನಮ್ಮವರು ಅದನ್ನು ಓದಿಯಾರು, ಓದಿ ಒಂದು ಮಾತು ಕೇಳಿಯೂ ಕೇಳಿಯಾರು.