ಕಲ್ಲು ಒಡೆಯುವುದು ಶಿಕ್ಷೆಯಲ್ಲ

"ಸರಿಯಾಗಿ ಓದು, ಇಲ್ಲದಿದ್ದರೆ ನಾಳೆ ಕಲ್ಲು ಒಡೆಯೋಕೆ ಹೋಗಬೇಕಾಗುತ್ತೆ!"

ಈ ಮಾತನ್ನು ಒಮ್ಮೆಯಾದರೂ ಆಡದ ತಾಯಂದಿರು ನಮ್ಮ ಕೊಳ್ಳೇಗಾಲದಲ್ಲಿ ಎಷ್ಟು ಜನ ಇದ್ದಾರು? ಯಳಂದೂರಿನಲ್ಲೂ ಇದೇ ಮಾತು, ಹನೂರಿನಲ್ಲೂ ಇದೇ ಮಾತು. ಪರೀಕ್ಷೆ ಹತ್ತಿರ ಬಂದ ಹಾಗೆಲ್ಲ ಇದರ ದನಿ ಏರುತ್ತದೆ. ಎಮ್ಮೆ ಕಾಯುವುದು, ಕಲ್ಲು ಒಡೆಯುವುದು – ಇವೆರಡೂ ನಾವು ಮಕ್ಕಳಿಗೆ ತೋರಿಸುವ ಗುಮ್ಮಗಳು. ಎಮ್ಮೆಯ ಪರವಾಗಿ ಬೇರೆ ಯಾರಾದರೂ ಬರೆಯಲಿ. ಕಲ್ಲಿನ ಪರವಾಗಿ ನಾನು ಇವತ್ತು ಜಗಳಕ್ಕೇ ನಿಂತಿದ್ದೇನೆ.

ಜಗಳಕ್ಕೆ ಕಾರಣವೂ ಇದೆ. ಹೀಗೆ ಗದರಿಸುವ ನಾವೇ ಈಗ ಮಕ್ಕಳ ಹುಟ್ಟುಹಬ್ಬಕ್ಕೆ ದುಡ್ಡು ಕೊಟ್ಟು ಕಲ್ಲು ತರಿಸುತ್ತಿದ್ದೇವೆ. 'ಜಿಯೋಡ್ ಕಿಟ್' ಎಂದು ಅದಕ್ಕೆ ಹೆಸರು. ರಟ್ಟಿನ ಪೆಟ್ಟಿಗೆಯೊಳಗೆ ನಾಲ್ಕಾರು ಒರಟು ಗುಂಡುಕಲ್ಲು, ಕಣ್ಣಿಗೆ ಹಾಕಿಕೊಳ್ಳಲು ಒಂದು ಕನ್ನಡಕ, ಓದಲು ಬಣ್ಣದ ಪುಸ್ತಿಕೆ. ಮಗು ಸುತ್ತಿಗೆಯಿಂದ ಹೊಡೆಯುತ್ತದೆ, ಕಲ್ಲು ಎರಡು ಹೋಳಾಗುತ್ತದೆ, ಒಳಗೆ ಹರಳು ಫಳಫಳ ಹೊಳೆಯುತ್ತದೆ. ಮನೆಯವರೆಲ್ಲ ಸೇರಿ ಫೋಟೋ ತೆಗೆಯುತ್ತೇವೆ. ಪೆಟ್ಟಿಗೆಯಲ್ಲಿ ಬಂದರೆ ಕಲ್ಲು ಒಡೆಯುವುದು ವಿಜ್ಞಾನ. ಬೀದಿ ಬದಿಯಲ್ಲಿ ಬಿಸಿಲಲ್ಲಿ ಕೂತು ಒಡೆದರೆ ಹಣೆಬರಹ! ಇದು ಯಾವ ನ್ಯಾಯ, ನೀವೇ ಹೇಳಿ.

ಜಿಯೋಡ್ ಮೇಲೆ ನನಗೆ ಸಿಟ್ಟಿಲ್ಲ. ಅದು ನಿಜಕ್ಕೂ ಸೊಗಸಾದ ವಸ್ತು. ಜ್ವಾಲಾಮುಖಿಯ ಲಾವಾ ಆರುವಾಗ ಒಳಗಿದ್ದ ಅನಿಲ ಗುಳ್ಳೆಗಳಾಗಿ ಉಳಿದುಬಿಡುತ್ತದೆ. ಆಮೇಲೆ ಲಕ್ಷಾಂತರ ವರ್ಷ ಆ ಪೊಳ್ಳುಗಳಿಗೆ ನೀರು ಜಿನುಗಿ, ನೀರಿನಲ್ಲಿ ಕರಗಿದ್ದ ಸಿಲಿಕಾ ಗೋಡೆಗೆ ಅಂಟುತ್ತಾ ಅಂಟುತ್ತಾ ಹರಳುಗಟ್ಟುತ್ತದೆ. ಇಂತಹ ಕಲ್ಲುಗಳು ಮೊರಾಕೊ, ಬ್ರೆಜಿಲ್‌ಗಳಿಂದ ಬರುತ್ತವೆ. ಅಷ್ಟು ದೂರ ಹೋಗುವುದೂ ಬೇಡ. ಮಹಾರಾಷ್ಟ್ರದ ಜಲಗಾಂವ್, ನಾಸಿಕ್ ಕಡೆಯ ಕಪ್ಪು ಬಸಾಲ್ಟ್ ಬಂಡೆಗಳಲ್ಲಿ ಹೇರಳವಾಗಿವೆ. ಅದೇ ಬಂಡೆಯ ಹಾಸು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಇಳಿದು ಬಂದಿದೆ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ.

ನಮ್ಮ ಕಡೆ ಆ ಲಾವಾ ಹರಿಯಲೇ ಇಲ್ಲ. ಆದ್ದರಿಂದ ಕೊಳ್ಳೇಗಾಲದಲ್ಲಿ ಜಿಯೋಡ್ ಹುಡುಕಿದರೆ ಸಿಗುವುದಿಲ್ಲ. "ಅಯ್ಯೋ, ನಮ್ಮೂರಲ್ಲಿ ಏನೂ ಇಲ್ಲ ಬುಡಿ" ಎಂದು ಕೈಚೆಲ್ಲುವವರಿಗೆ ಒಂದು ಮಾತು ಹೇಳುತ್ತೇನೆ. ನಮ್ಮ ಕಾಲಡಿಯ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಆ ಬಸಾಲ್ಟಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಹಿರಿಯದು. ಬಿಳಿಗಿರಿರಂಗನ ಬೆಟ್ಟದ ಕಲ್ಲಿಗೆ ಚಾರ್ನೊಕೈಟ್ ಎಂದು ಹೆಸರು. ನೆಲದಡಿ ಇಪ್ಪತ್ತು ಕಿಲೋಮೀಟರಿನಷ್ಟು ಆಳದಲ್ಲಿ ಬೆಂದು, ಮೇಲಿನ ಹೊದಿಕೆಯೆಲ್ಲ ಸವೆದುಹೋದ ಮೇಲೆ ಹೊರಗೆ ಬಂದ ಕಲ್ಲು ಅದು. ಕಲ್ಕತ್ತೆಯಲ್ಲಿರುವ ಕಂಪನಿ ಅಧಿಕಾರಿ ಜಾಬ್ ಚಾರ್ನಾಕನ ಗೋರಿಗೆ ಇದೇ ಜಾತಿಯ ಕಲ್ಲನ್ನು ಹಾಕಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ಟಿ. ಎಚ್. ಹಾಲೆಂಡ್ ಆತನ ಹೆಸರನ್ನೇ ಕಲ್ಲಿಗೂ ಇಟ್ಟರು. ಗೋರಿಯಲ್ಲಿ ಮಲಗಿದವನಿಗೆ ಸಿಕ್ಕಿದ ಗೌರವ, ದಿನಾ ಆ ಬೆಟ್ಟ ನೋಡುತ್ತಾ ಬೆಳೆಯುವ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಅವರಿಗೆ ಮೊರಾಕೊದ ಕಲ್ಲು ಗೊತ್ತು!

ನಮ್ಮ ಕಲ್ಲಿನೊಳಗೆ ಗುಹೆ ಇರುವುದಿಲ್ಲ, ನಿಜ. ಆದರೆ ಒಡೆದರೆ ಗುಟ್ಟು ಇದ್ದೇ ಇರುತ್ತದೆ. ಬಹಳ ಕಾಲ ಬಿಸಿಲು ಮಳೆಗೆ ಬಿದ್ದ ಕಲ್ಲಿನ ಹೊರಗೆ ಕಂದು ಸಿಪ್ಪೆ ಕಟ್ಟಿರುತ್ತದೆ. ಒಡೆದು ನೋಡಿ, ಒಳಗೆ ಬೇರೆಯದೇ ಬಣ್ಣ. ಚಾರ್ನೊಕೈಟ್ ಆದರೆ ಎಣ್ಣೆ ಸವರಿದ ಹಾಗೆ ಕಪ್ಪು ಹಸಿರು. ಆ ಸಿಪ್ಪೆ ಎಷ್ಟು ದಪ್ಪ ಇದೆ, ಯಾಕೆ ಕಟ್ಟಿತು, ಕಬ್ಬಿಣದ ತುಕ್ಕಿನ ಬಣ್ಣವೇ ಇದಕ್ಕೂ ಯಾಕೆ ಬಂತು? ಮಗು ಕೇಳುವ ಇಂತಹ ಒಂದು ಪ್ರಶ್ನೆ ಮೂರು ತಿಂಗಳ ಟ್ಯೂಷನ್ನಿಗೆ ಸಮ. ಹೊಳೆಯುವ ಪದರ ಕಂಡರೆ ಅದು ಕಾಗೆಬಂಗಾರ. ಅದೃಷ್ಟವಿದ್ದರೆ ದಾಳಿಂಬೆ ಬೀಜದಂತಹ ಕೆಂಪು ಗಾರ್ನೆಟ್ ಸಿಗುತ್ತದೆ. ಆ ಹೆಸರು ಹುಟ್ಟಿದ್ದೂ ದಾಳಿಂಬೆಯಿಂದಲೇ. ಬಿಳಿ ಬೆಣಚುಕಲ್ಲಿನ ಎರಡು ತುಂಡುಗಳನ್ನು ಕತ್ತಲೆ ಕೋಣೆಯಲ್ಲಿ ಬಲವಾಗಿ ಉಜ್ಜಿದರೆ ಮಿಣುಕು ಬೆಳಕು ಬರುತ್ತದೆ, ಮೂಗಿಗೆ ಸುಟ್ಟ ವಾಸನೆ ಬಡಿಯುತ್ತದೆ. ಎರೆಹೊಲದಲ್ಲಿ ಸಿಗುವ ಸುಣ್ಣಗಲ್ಲಿನ ಉಂಡೆಯನ್ನು ಪುಡಿ ಮಾಡಿ ನಿಂಬೆರಸ ಹಿಂಡಿದರೆ ನೊರೆಯೇಳುತ್ತದೆ. ಬೆಣಚುಕಲ್ಲಿಗೆ ಹಿಂಡಿದರೆ ಏನೂ ಆಗುವುದಿಲ್ಲ. ಎರಡೂ ಬಿಳಿಯವೇ, ಎರಡೂ ಒಂದೇ ಅಲ್ಲ. ಇದಕ್ಕೆ ಯಾವ ಕಿಟ್ ಬೇಕು? ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಕೇಳಿಕೊಂಡು ಅಲ್ಲಿಯ ರಾಶಿಯಿಂದ ನಾಲ್ಕು ಜಲ್ಲಿಕಲ್ಲು ತಂದರೆ ಸಾಕು.

"ಪೆಟ್ಟಾದರೆ?" ಎಂದು ಕೇಳುವಿರಿ. ಕೇಳಲೇಬೇಕಾದ ಪ್ರಶ್ನೆ. ಕಣ್ಣಿಗೆ ಕನ್ನಡಕ ಇಲ್ಲದೆ ಸುತ್ತಿಗೆ ಮುಟ್ಟಿಸಬೇಡಿ. ಬೆಣಚುಕಲ್ಲು ಉಜ್ಜುವಾಗಲೂ ಅಷ್ಟೇ. ಕಲ್ಲನ್ನು ನೀರಿನಲ್ಲಿ ಅದ್ದಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಚಪ್ಪಡಿಯ ಮೇಲಿಟ್ಟು ಹೊಡೆಯಲಿ. ಚೂರು ಹಾರುವುದಿಲ್ಲ, ದೂಳು ಏಳುವುದಿಲ್ಲ. ಬಯಲಿನಲ್ಲಿ ಕೂರಿಸಿ, ನೀವೂ ಪಕ್ಕದಲ್ಲಿ ಕೂತಿರಿ. ಕುದಿಯುವ ಎಣ್ಣೆಯಲ್ಲಿ ಹಪ್ಪಳ ಕರಿಯಲು ಹತ್ತು ವರ್ಷದ ಹುಡುಗಿಯನ್ನು ನಿಲ್ಲಿಸುವ ನಮಗೆ ಸುತ್ತಿಗೆ ಮಾತ್ರ ಅಪಾಯವಾಗಿ ಕಾಣುವುದು ವಿಚಿತ್ರ.

ಹುಡುಗಿ ಎಂದಾಗ ನೆನಪಾಯಿತು. ಒಂದು ಭಾನುವಾರ ನಮ್ಮ ಹಿತ್ತಿಲಲ್ಲಿ ಬೀದಿಯ ಮಕ್ಕಳೆಲ್ಲ ಸೇರಿ ಕಲ್ಲು ಒಡೆಯುತ್ತಿದ್ದರು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ, "ಏನಕ್ಕಾ, ಹೆಣ್ಣುಹುಡುಗಿ ಕೈಗೆ ಸುತ್ತಿಗೆ ಕೊಟ್ಟಿದ್ದೀರಲ್ಲ, ಕೈಯೆಲ್ಲ ಒರಟಾದರೆ ನಾಳೆ ಯಾರು ಒಪ್ಪುತ್ತಾರೆ?" ಎಂದರು. "ನಮ್ಮಜ್ಜಿಯರು ಒರಳಲ್ಲಿ ರುಬ್ಬಿ, ಬೀಸುವ ಕಲ್ಲು ತಿರುಗಿಸಿ ಕೈ ಒರಟು ಮಾಡಿಕೊಂಡಿದ್ದರಲ್ಲ ತಾಯಿ, ಅವರಿಗೆಲ್ಲ ಮದುವೆ ಆಗಲಿಲ್ಲವೇ?" ಎಂದೆ. ಆಕೆ ನಕ್ಕರು, ಆದರೆ ತಮ್ಮ ಮಗಳನ್ನು ಕಳುಹಿಸಲಿಲ್ಲ. ಮಗನನ್ನು ಕಳುಹಿಸಿದರು. ಸವೆದ ಒರಳಿಗೆ ಉಳಿಪೆಟ್ಟು ಹಾಕಿ ಮತ್ತೆ ಒರಟು ಮಾಡಿಕೊಡುತ್ತಾ ಬೀದಿ ಬೀದಿ ತಿರುಗುತ್ತಿದ್ದವರಲ್ಲಿ ಹೆಂಗಸರೂ ಇದ್ದರು ಎಂಬುದನ್ನು ನಾವು ಎಷ್ಟು ಬೇಗ ಮರೆತೆವು!

ಇಲ್ಲಿಗೇ ಬರಬೇಕೆಂದು ಇಷ್ಟು ಹೊತ್ತು ಮಾತಾಡಿದೆ. ಕಲ್ಲು ಒಡೆಯುವುದು ಅವಿದ್ಯಾವಂತರ ಕೆಲಸವೆಂದು ನಾವು ತಿಳಿದಿದ್ದೇವಲ್ಲ, ಅದೇ ದೊಡ್ಡ ಅಜ್ಞಾನ. ಬಂಡೆಯ ಯಾವ ಮಗ್ಗುಲಿಗೆ ಪೆಟ್ಟು ಹಾಕಿದರೆ ಅದು ಸೀಳುತ್ತದೆ, ಯಾವ ಕಡೆ ಹಾಕಿದರೆ ಪುಡಿಯಾಗುತ್ತದೆ ಎಂಬುದು ಪುಸ್ತಕದಿಂದ ಬರುವ ತಿಳಿವಳಿಕೆಯಲ್ಲ. ಸಾಲಾಗಿ ಕುಳಿ ತೋಡಿ, ಅದರಲ್ಲಿ ಬೆಣೆ ಬಡಿದು, ದನಿ ಕೇಳಿಯೇ ಬಿರುಕು ಎಲ್ಲಿಗೆ ಹೋಯಿತೆಂದು ಹೇಳುವವರು ನಮ್ಮ ನಡುವೆ ಇದ್ದಾರೆ. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪವನ್ನು ಒಮ್ಮೆ ತಲೆಯೆತ್ತಿ ನೋಡಿ. ಒಂದೇ ಕಲ್ಲಿನಲ್ಲಿ ಒಂದರೊಳಗೊಂದು ಬಳೆ ಕೋದ ಸರಪಳಿ. ಒಂದು ಪೆಟ್ಟು ಹೆಚ್ಚಾಗಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಅದನ್ನು ಕಡೆದವರೂ ಕಲ್ಲು ಒಡೆಯುವವರೇ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಭೋವಿ ಜನ ಇಂದಿಗೂ ಗುರುವೆಂದು ಪೂಜಿಸುತ್ತಾರೆ. ಕಾಯಕವೇ ದೊಡ್ಡದೆಂದು ಜಯಂತಿಯ ದಿನ ಭಾಷಣ ಮಾಡುವ ನಾವು, ಆ ಜನರ ಹೆಸರನ್ನೇ ಒರಟುತನಕ್ಕೆ ಬೈಗುಳ ಮಾಡಿಕೊಂಡಿದ್ದೇವೆ. ಮನೆಯಲ್ಲಿ ಆ ಬೈಗುಳ ಕೇಳಿ ಬೆಳೆದ ಮಗು ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಕಲ್ಲುಕುಟಿಗರ ಮಗುವನ್ನು ಹೇಗೆ ನೋಡೀತು? ಯೋಚಿಸಿ.

ನಮ್ಮ ಜಿಲ್ಲೆಯ ಕರಿಕಲ್ಲು ಹೊರದೇಶಗಳಿಗೆಲ್ಲ ಹೋಗುತ್ತದೆ. ವ್ಯಾಪಾರಿಗಳು ಗ್ರಾನೈಟ್ ಎನ್ನುತ್ತಾರೆ. ವಾಸ್ತವದಲ್ಲಿ ಅದು ಡಾಲರೈಟ್, ಹಳೆಯ ಬಂಡೆಯ ಬಿರುಕುಗಳಿಗೆ ಕರಗಿದ ಶಿಲೆ ನುಗ್ಗಿ ಆರಿದ್ದು. ಅಡುಗೆಮನೆಯ ಕಟ್ಟೆಗೆ ಅದನ್ನು ಹಾಕಿಸಿ ನಾವು ಹೆಮ್ಮೆಯಿಂದ ಒರೆಸುತ್ತೇವೆ. ಆದರೆ ಕಲ್ಲಿನ ದೂಳು ಶ್ವಾಸಕೋಶಕ್ಕಿಳಿದು ಬರುವ ಸಿಲಿಕೋಸಿಸ್‌ಗೆ ವಾಸಿಯಾಗುವ ಮದ್ದಿಲ್ಲ. 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲೇ ಆ ಕಾಯಿಲೆಯ ಹೆಸರಿತ್ತು. ಹಿತ್ತಿಲಲ್ಲಿ ಅರ್ಧ ಗಂಟೆ ಕಲ್ಲು ಒಡೆಯುವ ನಮ್ಮ ಮಗುವಿಗೆ ಕನ್ನಡಕ ಬೇಕು, ಒದ್ದೆ ಬಟ್ಟೆ ಬೇಕು. ದಿನವಿಡೀ ಒಡೆಯುವವನಿಗೆ ಬೇಡವೇ? ಮಗು ತಾನೇ ಈ ಪ್ರಶ್ನೆ ಕೇಳಿದ ದಿನ ವಿಜ್ಞಾನ ಮನೆಯೊಳಗೆ ಬಂತು ಎಂದು ತಿಳಿಯಿರಿ. ವೈಜ್ಞಾನಿಕ ಮನೋಭಾವವನ್ನು 1976ರಲ್ಲಿ ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದಾಗ, ಅದೇ ಸಾಲಿನಲ್ಲಿ ಮಾನವೀಯತೆಯನ್ನೂ ಸೇರಿಸಿದ್ದಾರೆ. ಎರಡನ್ನೂ ಒಟ್ಟಿಗೆ ಕಲಿಸಲು ಇದಕ್ಕಿಂತ ಅಗ್ಗದ ಪಾಠ ನನಗೆ ಕಂಡಿಲ್ಲ.

ಒಂದು ಎಚ್ಚರಿಕೆ. ಮಹದೇಶ್ವರ ಬೆಟ್ಟಕ್ಕೆ ಹೋಗುವಾಗ ತಾಳುಬೆಟ್ಟದಿಂದ ಮೇಲೆ ರಸ್ತೆಗಾಗಿ ಕಡಿದ ಬಂಡೆಗಳನ್ನು ಮಕ್ಕಳಿಗೆ ಬಸ್ಸಿನ ಕಿಟಕಿಯಿಂದಲೇ ತೋರಿಸಿ, ಆದರೆ ಒಂದು ಚೂರನ್ನೂ ತರಬೇಡಿ. ಅದು ವನ್ಯಧಾಮ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶ. ಅಲ್ಲಿ ಕಣ್ಣಿನಿಂದ ಮಾತ್ರ ಕಲಿಯಬೇಕು. ಕ್ವಾರಿಯ ಹಳ್ಳಗಳ ಹತ್ತಿರವಂತೂ ಸುಳಿಯಲೇಬಾರದು.

ಕಿಟ್ ತರಿಸುವ ಶಕ್ತಿ ಇದ್ದವರು ತರಿಸಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಅದಕ್ಕೆ ಮೊದಲು ನಮ್ಮ ನೆಲದ ಒಂದು ಕಲ್ಲು ಒಡೆಸಿ. ಸುತ್ತಿಗೆಯನ್ನು ಮೊದಲು ಮಗಳ ಕೈಗೆ ಕೊಡಿ. ಒಡೆದ ಹೋಳಿನ ಮೇಲೆ ಯಾವ ಊರಿನದು, ಯಾವ ದಿನ ಸಿಕ್ಕಿದ್ದು ಎಂದು ಬರೆಸಿ ಷೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಡಿ. ಪರೀಕ್ಷೆ ಬಂದಾಗ ಹೆದರಿಸಲು ಬೇರೆ ಯಾವುದಾದರೂ ಗುಮ್ಮನನ್ನು ಹುಡುಕಿಕೊಳ್ಳೋಣ. ಹೆದರಿಸದೆಯೇ ಓದಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.