ಅಜ್ಜಿ-ತಾತನಿಗೆ ನೀವೇ ಗೈಡ್ ಆಗಿ

ಊರಿನಿಂದ ಅಜ್ಜಿ-ತಾತ ಬಂದರೆ ನಾವೆಲ್ಲ ಹಿಡಿಯೋ ದಾರಿ ಒಂದೇ. ಏಪ್ರಿಲ್ ಆದರೆ ಕ್ಯೂಕೆನ್‌ಹಾಫ್, ಯಾವ ತಿಂಗಳಾದರೂ ಗಾಳಿಯಂತ್ರ, ಕಾಲುವೆಯಲ್ಲಿ ದೋಣಿ, ಆಮೇಲೆ ಮದುರೋಡಂ. ಮಕ್ಕಳೇ, ನಿಮ್ಮಲ್ಲಿ ಕೆಲವರು ಮದುರೋಡಂಗೆ ಎರಡು ಮೂರು ಸಲವಾದರೂ ಹೋಗಿರುತ್ತೀರಿ. ಆ ಪುಟಾಣಿ ಊರು ಒಂದು ಯುದ್ಧ ಸ್ಮಾರಕ ಅಂತ ಎಷ್ಟು ಜನಕ್ಕೆ ಗೊತ್ತು?

ಜಾರ್ಜ್ ಮದುರೋ 1916ರಲ್ಲಿ ಕುರಾಸಾವೊ ದ್ವೀಪದಲ್ಲಿ ಹುಟ್ಟಿದವನು. ಲೈಡನ್‌ಗೆ ಓದಲು ಬಂದಿದ್ದ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಈ ದೇಶಕ್ಕೆ ನುಗ್ಗಿದಾಗ ಹೇಗ್ ಹತ್ತಿರ ಎದುರು ನಿಂತು ಹೋರಾಡಿದ. ಕೊನೆಗೆ ಸಿಕ್ಕಿಬಿದ್ದು ಡಾಖೌ ಶಿಬಿರ ಸೇರಿ, 1945ರ ಫೆಬ್ರವರಿಯಲ್ಲಿ ಜ್ವರಬಂದು ತೀರಿಕೊಂಡ. ಆಗ ಅವನಿಗೆ 28 ವರ್ಷ. ಇನ್ನು ಮೂರು ತಿಂಗಳು ಕಳೆದಿದ್ದರೆ ಬಿಡುಗಡೆಯ ದಿನ ನೋಡುತ್ತಿದ್ದ. ಮಗನ ನೆನಪಿಗೆ ತಂದೆತಾಯಿ ಕೊಟ್ಟ ದುಡ್ಡಿನಿಂದ ಶುರುವಾಗಿ 1952ರಲ್ಲಿ ಬಾಗಿಲು ತೆರೆದದ್ದೇ ಮದುರೋಡಂ. ಅವನು ಹುಟ್ಟಿದ ಮನೆಯ ಮಾದರಿಯೂ ಅಲ್ಲಿದೆ. ನಾವು ಮಾತ್ರ ರೈಲು, ವಿಮಾನ ನೋಡಿ, ಫೋಟೊ ಹೊಡೆದು ಬರುತ್ತೇವೆ.

ಪೋಷಕರಲ್ಲಿ ಕೆಲವರು ಹೇಳೋದು ಕೇಳಿದ್ದೇನೆ: "ಯುದ್ಧದ ಕತೆ ಇವರದ್ದು, ನಮ್ಮದಲ್ಲ. ರಜೆಯಲ್ಲಿ ಅದೆಲ್ಲ ಯಾಕೆ?" ನಾನು ಇದನ್ನು ಒಪ್ಪೋದಿಲ್ಲ. ಗ್ರೂಪ್ 7, 8ರ ಮಕ್ಕಳು ಶಾಲೆಯಲ್ಲಿ ಇದನ್ನೇ ಓದುತ್ತಿದ್ದಾರೆ. ಕೆಲವು ಶಾಲೆಗಳು ಹತ್ತಿರದ ಒಂದು ಸ್ಮಾರಕವನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳುತ್ತವೆ. ನಮ್ಮ ಮಕ್ಕಳು ಅಲ್ಲಿ ಹೂ ಇಟ್ಟು ಮನೆಗೆ ಬರುತ್ತಾರೆ, "ಇವತ್ತು ಏನಾಯ್ತು ಶಾಲೇಲಿ?" ಅಂದರೆ "ಏನಿಲ್ಲ" ಅನ್ನುತ್ತಾರೆ. ವಿಷಯ ಡಚ್ಚಿನಲ್ಲಿ ಗೊತ್ತು, ಹೇಳೋಕೆ ಕನ್ನಡದಲ್ಲಿ ಮಾತಿಲ್ಲ. ಊಟ, ತಿಂಡಿ, ಹೋಂವರ್ಕಿಗೆ ಮಾತ್ರ ಸಾಕಾಗುವ ಕನ್ನಡ ಎಷ್ಟು ದಿನ ಉಳಿದೀತು?

ಅದಕ್ಕೇ ನನ್ನ ಸಲಹೆ: ಮಕ್ಕಳೇ, ಅಜ್ಜಿ-ತಾತನಿಗೆ ನೀವೇ ಗೈಡ್ ಆಗಿ. ಕನ್ನಡದಲ್ಲಿ.

ಕ್ಯೂಕೆನ್‌ಹಾಫ್‌ನಿಂದಲೇ ಶುರು ಮಾಡಬಹುದು. 1944-45ರ ಚಳಿಗಾಲವನ್ನು ಇಲ್ಲಿ ಹಸಿವಿನ ಚಳಿಗಾಲ ಅನ್ನುತ್ತಾರೆ. ರೈಲ್ವೆ ಮುಷ್ಕರಕ್ಕೆ ಸೇಡಾಗಿ ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಹೋಗದಂತೆ ತಡೆದರು, ಕಾಲುವೆಗಳೂ ಹೆಪ್ಪುಗಟ್ಟಿದವು. ಸುಮಾರು 20 ಸಾವಿರ ಜನ ಸತ್ತರು. "ಅಜ್ಜಿ, ಈ ಟುಲಿಪ್ ಹೂವಿನ ಗೆಡ್ಡೇನೇ ಆಗ ಜನ ಬೇಯಿಸ್ಕೊಂಡು ತಿಂದ್ರಂತೆ" ಅಂತ ಹೇಳಿ ನೋಡಿ. ಬರಗಾಲದಲ್ಲಿ ಕಾಡಿನ ಗೆಡ್ಡೆ ಅಗೆದು ತಿಂದ ಕತೆ ಕೇಳಿ ಬೆಳೆದ ಅಜ್ಜಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರೇ ನಿಮಗೆ ಇನ್ನೊಂದು ಕತೆ ಹೇಳಬಹುದು.

ಮುಂದೆ ಹೋದರೆ ಪದಗಳು ತಡೆಯುತ್ತವೆ. ಆನ್ ಫ್ರಾಂಕ್ ಮತ್ತು ಇನ್ನೂ ಏಳು ಜನ 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಅಡಗಿದ್ದರು. ಅಂಥವರನ್ನು ಡಚ್ಚಿನಲ್ಲಿ ಒಂಡರ್‌ಡೌಕರ್ ಅನ್ನುತ್ತಾರೆ. ಕನ್ನಡದಲ್ಲಿ? "ತಲೆಮರೆಸಿಕೊಂಡವರು" ಅಂದುಬಿಟ್ಟರೆ ಪೇಪರ್ ಓದುವ ತಾತ ಹುಬ್ಬೇರಿಸುತ್ತಾರೆ, ಪೊಲೀಸರು ಹುಡುಕುವ ಕಳ್ಳನಿಗೆ ಆ ಮಾತು. ತಪ್ಪೇ ಮಾಡದೆ ಅಡಗಬೇಕಾದ ಹುಡುಗಿಗೆ ಯಾವ ಮಾತು ಸರಿ? "ಅಡಗಿದ್ದವರು" ಸಾಕಾ? ಜೀವ ಪಣಕ್ಕಿಟ್ಟು ಅವರಿಗೆ ಅನ್ನ ತಂದುಕೊಟ್ಟವರಿಗೆ ಏನನ್ನೋಣ? ನಮ್ಮ ತರಗತಿಯಲ್ಲಿ ಒಂದು ಶನಿವಾರ ಇದನ್ನೇ ಚರ್ಚೆ ಮಾಡಬಹುದು, ಟೀಚರ್‌ಗಳು ಬೇಡ ಅನ್ನಲಾರರು.

ಆನ್ ಫ್ರಾಂಕ್ ಮನೆಗೇ ಹೋಗುವುದಾದರೆ ಟಿಕೆಟ್ ವೆಬ್‌ಸೈಟಿನಲ್ಲಿ ಮಾತ್ರ, ಮೊದಲೇ ತೆಗೆಸಬೇಕು. ಒಳಗೆ ಫೋಟೊ ತೆಗೆಯೋಕೆ ಬಿಡೋದಿಲ್ಲ (ಒಳ್ಳೇದೇ ಆಯ್ತು). ಆದರೆ ಮೆಟ್ಟಿಲು ತುಂಬಾ ಕಡಿದು, ಅಜ್ಜಿಯ ಮಂಡಿ ನೆನಪಿರಲಿ.

ಮೆಟ್ಟಿಲೇ ಇಲ್ಲದ, ಟಿಕೆಟ್ಟೂ ಬೇಡದ ಜಾಗ ನಿಮ್ಮ ಬೀದಿಯಲ್ಲೇ ಇರಬಹುದು. ಪೇವ್‌ಮೆಂಟಿನಲ್ಲಿ ಅಂಗೈಯಗಲದ ಹಿತ್ತಾಳೆಯ ಕಲ್ಲುಗಳನ್ನು ನೋಡಿದ್ದೀರಾ? ಗುಂಟರ್ ಡೆಮ್ನಿಗ್ ಎಂಬ ಜರ್ಮನ್ ಕಲಾವಿದ ಶುರುಮಾಡಿದ್ದು. "ಇಲ್ಲಿ ವಾಸವಾಗಿದ್ದರು" ಅಂತ ಬರೆದು, ಕೆಳಗೆ ಹೆಸರು, ಹುಟ್ಟಿದ ವರ್ಷ, ಎಲ್ಲಿ ಯಾವಾಗ ಕೊಂದರು ಅನ್ನೋದು ಇರುತ್ತದೆ. ನಮ್ಮ ಕಡೆ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ವೀರಗಲ್ಲು ಇರುತ್ತಲ್ಲ, ತಾತನಿಗೆ ತಕ್ಷಣ ಅದು ನೆನಪಾಗುತ್ತದೆ. ಆದರೆ ವೀರಗಲ್ಲು ಕಾದಾಡಿ ಸತ್ತವರಿಗೆ. ಮಂಡ್ಯದ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೂ ಹತ್ತನೇ ಶತಮಾನದ ಒಂದು ಕಲ್ಲಿದೆ! ಈ ಹಿತ್ತಾಳೆ ಕಲ್ಲುಗಳಲ್ಲಿ ಹೆಚ್ಚಿನವು ಕತ್ತಿ ಹಿಡಿಯದವರದ್ದು, ದರ್ಜಿ, ಅಂಗಡಿಯವರು, ಎರಡು ವರ್ಷದ ಮಗು. "ಹೆಸರಿರೋ ಕಲ್ಲನ್ನ ತುಳೀಬಾರ್ದು ಕಣೋ" ಅಂತ ಅಜ್ಜಿ ಗದರಿದರೆ, ಓದಬೇಕಾದರೆ ಎಲ್ಲರೂ ತಲೆ ಬಗ್ಗಿಸಲೇಬೇಕು ಅನ್ನೋದನ್ನು ತೋರಿಸಿ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಡ್ರೆಂಥೆಯ ವೆಸ್ಟರ್‌ಬೋರ್ಕ್. ಅಲ್ಲಿಂದ ರೈಲುಗಳಲ್ಲಿ ಸಾಗಿಸಿದ ಸುಮಾರು 1,07,000 ಜನರಲ್ಲಿ ಹಿಂದಿರುಗಿದವರು 5,000 ಮಾತ್ರ. ಉಳಿದ 1,02,000 ಜನಕ್ಕೆ ಒಬ್ಬೊಬ್ಬರಿಗೆ ಒಂದರಂತೆ ಅಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಚಿಕ್ಕವರನ್ನು ಅಲ್ಲಿಗೆ ಕರೆದುಕೊಂಡು ಹೋಗೋದು ಬೇಡ, ಅವರಿಗೆ ಟುಲಿಪ್ ಗೆಡ್ಡೆಯ ಕತೆ ಸಾಕು.

"ನಮ್ಮದಲ್ಲ" ಅನ್ನುವವರಿಗೆ ಇನ್ನೊಂದು ಮಾತು. ಆಗಸ್ಟ್ 15ಕ್ಕೆ ನಾವು ಹೇಗ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಸಿಹಿ ಹಂಚುತ್ತೇವೆ. ಅದೇ ದಿನ ಅದೇ ಊರಿನ ಇಂಡಿಷ್ ಮೊನ್ಯುಮೆಂಟ್‌ನಲ್ಲಿ ಇಂಡೋನೇಷ್ಯಾದಲ್ಲಿ ಜಪಾನಿನ ಆಕ್ರಮಣಕ್ಕೆ ಬಲಿಯಾದವರನ್ನು ನೆನೆಯುತ್ತಾರೆ. ಯಾಕೆಂದರೆ 1945ರ ಆಗಸ್ಟ್ 15ರಂದೇ ಜಪಾನ್ ಶರಣಾಯಿತು. ನಿಮ್ಮ ಮಗಳ ಪಕ್ಕದಲ್ಲಿ ಕೂರುವ ಗೆಳತಿಯ ಮುತ್ತಜ್ಜಿ ಅಲ್ಲಿನ ಶಿಬಿರದಲ್ಲಿ ಇದ್ದಿರಬಹುದು. ಕೇಳಿದರೆ ತಾನೇ ತಿಳಿಯೋದು.

ಮೇ 4ರ ಸಂಜೆ ಪ್ರತಿ ಊರಿನಲ್ಲೂ ಸ್ಮರಣೆ ನಡೆಯುತ್ತದೆ. ಆಮ್‌ಸ್ಟರ್‌ಡಾಮಿನ ಡಾಮ್ ಚೌಕದ ಜನಜಂಗುಳಿಗೆ ಹೋಗಬೇಕಿಲ್ಲ. ನಿಮ್ಮ ಬಡಾವಣೆಯ ಸ್ಮಾರಕ ಎಲ್ಲಿದೆ ಅಂತ ಗೆಮೇಂಟೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸರಿಯಾಗಿ 8 ಗಂಟೆಗೆ ಎರಡು ನಿಮಿಷ ಮೌನ, ಆದ್ದರಿಂದ ಸ್ವಲ್ಪ ಮುಂಚೆಯೇ ಹೋಗಿ, ಹೇಳೋದನ್ನೆಲ್ಲ ಅಜ್ಜಿಗೆ ದಾರಿಯಲ್ಲೇ ಹೇಳಿ ಮುಗಿಸಿ. ಮೊಬೈಲ್ ಆಫ್ ಮಾಡಿ. ಮೇ ಅಂದರೆ ಅಜ್ಜಿ-ತಾತನಿಗೆ ಸೆಕೆಗಾಲ, ಇಲ್ಲಿ ಸಂಜೆ ಚಳಿ ಇರುತ್ತದೆ, ಸ್ವೆಟರ್ ಮರೀಬೇಡಿ.