ಮಿಕ್ಸಿ ಬಲ್ಲವಳಿಗೆ ಮೋಟಾರು ತಿಳಿಯದೇ?

ಗಾಡಿಯ ವಿಷಯ ಹೆಂಗಸರ ತಲೆಗೆ ಹತ್ತುವುದಿಲ್ಲ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಮಿಕ್ಸಿಯ ಕಪ್ಲರ್ ಹಲ್ಲು ಸವೆದರೆ ಮೋಟಾರು ಕೂಗುತ್ತದೆ, ಬ್ಲೇಡು ತಿರುಗುವುದಿಲ್ಲ. ಆಗ ಮಿಕ್ಸಿಯೇ ಹೋಯಿತೆಂದು ಅಳುತ್ತ ಕೂತ ಗೃಹಿಣಿಯನ್ನು ಯಾರಾದರೂ ಕಂಡಿದ್ದೀರಾ? ಕುಕ್ಕರಿನ ಗ್ಯಾಸ್ಕೆಟ್ಟು ಕಾವು ತಿಂದು ಬಿರುಸಾಗಿದ್ದನ್ನು ಬೆರಳಲ್ಲಿ ಅದುಮಿಯೇ ಹೇಳುತ್ತೇವೆ.

ನಮ್ಮದೊಂದು ಆಟೋ ಸೇಡಂ ರಸ್ತೆಯಲ್ಲಿ ದಿನಬಾಡಿಗೆಗೆ ಓಡುತ್ತದೆ, ಬಸ್ ಸ್ಟ್ಯಾಂಡಿನಿಂದ ವಿಶ್ವವಿದ್ಯಾಲಯದವರೆಗೆ. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಹಿಂಭಾಗದಲ್ಲಿ ಒಂದೇ ಗಂಟು. ಆ ಗಂಟು ಕೂತಿರುವುದು ರಬ್ಬರಿನ ಮೌಂಟುಗಳ ಮೇಲೆ. ಅಲ್ಲಿಂದ ಎರಡು ಗಾಲಿಗಳಿಗೆ ಎರಡು ಗಿಡ್ಡ ಶಾಫ್ಟು, ತುದಿಗೆ ಕಪ್ಲಿಂಗು. ರಬ್ಬರಿಗೆ ಕಾವು ಮತ್ತು ಎಣ್ಣೆ ಎರಡೂ ವೈರಿ. ನಮ್ಮ ಕಲಬುರಗಿಯ ಬೇಸಿಗೆ ಸಾಲದೆಂದು ಇಂಜಿನ್ನಿನ ಕಾವು ಬೇರೆ! ಮೌಂಟು ಕುಸಿದರೆ ಗಂಟು ವಾಲುತ್ತದೆ, ಶಾಫ್ಟು ಸೊಟ್ಟಗೆ ಎಳೆಯುತ್ತದೆ, ಹೊಸ ಕಪ್ಲಿಂಗೂ ಬೇಗ ಸವೆಯುತ್ತದೆ. ಗೇರು ಬದಲಿಸಿದಾಗ ಹಿಂದೆ ‘ಧಡ್’ ಎನ್ನುವುದು ಇದೇ.

ಒಂದೇ ವರ್ಷದಲ್ಲಿ ಮೂರು ಸಲ ಕಪ್ಲಿಂಗು ಹಾಕಿದರು. ಮೌಂಟು ನೋಡಿದಿರಾ ಎಂದು ಕೇಳಿದವಳು ನಾನು, ಮೇಸ್ತ್ರಿ ಉತ್ತರ ಕೊಟ್ಟದ್ದು ನನ್ನ ಪಕ್ಕದಲ್ಲಿದ್ದ ಯಜಮಾನರಿಗೆ! ಅದೂ ಏನು, "ಅದಕ್ಕೇನಾಗಿಲ್ಲರೀ, ಅಕ್ಕಾರಿಗೆ ಸುಮ್ನೆ ಅನುಮಾನ." ಮೂರು ಸಲವೂ ಓಡಿಸುವ ಹುಡುಗನಿಗೆ ದಿನದ ದುಡಿಮೆ ಇಲ್ಲ. ಅವನ ಹೆಂಡತಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದಳು. ಆ ಲೆಕ್ಕ ಗ್ಯಾರೇಜಿನ ಬಿಲ್ಲಿನಲ್ಲಿ ಬರುವುದಿಲ್ಲ.

ಬಡವರ ಆಟೋ ಎಂಬ ಅಸಡ್ಡೆಯೇ ಇದು? ಹಾಗಿದ್ದರೆ ಶ್ರೀಮಂತರ ಗಾಡಿಯನ್ನೇ ನೋಡಿ. ಇಟಲಿಯ ಆಲ್ಫಾ ರೋಮಿಯೋದವರು 1972ರಲ್ಲಿ ಆಲ್ಫೆಟ್ಟಾ ಎಂಬ ಕಾರು ತಂದರು. ಇಂಜಿನ್ ಮುಂದೆ, ಗೇರ್‌ಬಾಕ್ಸು ಹಿಂದೆ ಡಿಫರೆನ್ಷಿಯಲ್ ಜೊತೆ. ತೂಕ ಸರಿಯಾಗಿ ಹಂಚಿಕೆಯಾಗಲೆಂದು ಈ ಏರ್ಪಾಟು. ಅದರಿಂದಾಗಿ ನಡುವಿನ ಉದ್ದ ಶಾಫ್ಟು ಯಾವ ಗೇರಿನಲ್ಲಿದ್ದರೂ ಇಂಜಿನ್ನಿನ ವೇಗದಲ್ಲೇ ತಿರುಗಬೇಕು, ಅದರ ರಬ್ಬರ್ ಕಪ್ಲಿಂಗು ಬಿರುಕು ಬಿಟ್ಟರೆ ಕಾರೆಲ್ಲ ನಡುಗುತ್ತದೆ. ಹಳೆ ಕಾರಿನ ಶೋಕಿಯವರು ಈಗಲೂ ಈ ರಬ್ಬರಿಗಾಗಿ ಪರದಾಡುತ್ತಾರೆ. ಅವರು ಮೌಂಟಿನಿಂದ ಹಿಡಿದು ಎಲ್ಲ ಅಳೆದು ನೋಡಿದರೆ ಅದು ‘ಪರಿಣತಿ’, ನಾನು ಕೇಳಿದರೆ ‘ಅನುಮಾನ’!

ನಾಲ್ಕನೇ ಸಲ ಯಜಮಾನರನ್ನು ಮನೆಯಲ್ಲೇ ಬಿಟ್ಟು ಹೋದೆ. ಮೌಂಟು ಬಿಚ್ಚಿ ಕೈಗೆ ಕೊಡುವತನಕ ದುಡ್ಡಿಲ್ಲ ಎಂದೆ. ಗೊಣಗುತ್ತ ಕೊಟ್ಟ. ಅದುಮಿದೆ, ಹಂಚಿನಷ್ಟು ಗಟ್ಟಿ, ಅಂಚಿನಲ್ಲಿ ಉದ್ದಕ್ಕೂ ಸೀಳು. ಅದನ್ನು ಮಾತಾಡದೆ ಅವನ ಮೇಜಿನ ಮೇಲೇ ಇಟ್ಟುಬಂದೆ.